ಜರಡಿ ಮಾವನ ಬಾಗಿಲು

ಬೀದಿಯವರೆಲ್ಲ ‘ಜರಡಿ ಮಾವ’ ಎಂದು ಕರೆಯುವ ಈ ಯಜಮಾನರಿಗೆ ಕೂತಲ್ಲಿ ಕೂರಲಾಗದು. ಮುಚ್ಚಿದ ಹಲಗೆ ಕಂಡರಂತೂ ಮೈಯೆಲ್ಲ ಉರಿ. ಹೂಬಳ್ಳಿಯ ಚಿತ್ತಾರದಲ್ಲಿ ತೂತು ಕೊರೆದ ಹಿತ್ತಾಳೆ ತಗಡನ್ನು ಮೊದಲು ಅಡುಗೆಮನೆಯ ಬಾಗಿಲಿಗೆ ಹಾಕಿಸಿದರು; ಅದೇ ಗುಂಗಿನಲ್ಲಿ ಚಪ್ಪಲಿ ಗೂಡಿಗೆ, ಬೀರುವಿಗೆ, ಮೆಟ್ಟಿಲ ಪಕ್ಕಕ್ಕೂ. ಯಾರು ಕೇಳಿದರೂ ಒಂದೇ ಮಾತು: “ಗಾಳಿ ಆಡ್ಬೇಕು ಕಣ್ರೀ.” “ಮೆಣಸಿನಕಾಯಿ ಹುರಿದ್ರೆ ಬೀರುವಿನ ಬಟ್ಟೆನೂ ಸೀನುತ್ತೆ,” ಎಂದು ಹೆಂಡತಿ ಗೊಣಗುತ್ತಾರೆ. ಇವರು ಪೇಪರು ಹಿಡಿದು ಕೂರುತ್ತಾರೆ, ಏಳುತ್ತಾರೆ, ತಗಡಿನ ತಿರುಪು ಬಿಗಿ ಮಾಡಿ ಮತ್ತೆ ಕೂರುತ್ತಾರೆ. ಕಣ್ಣು ಮಾತ್ರ ಪೇಪರಿನ ಮೇಲಿಲ್ಲ, ಎದುರು ಗೋಡೆಯ ಮೇಲೆ. ಹೋದ ವರ್ಷ ಹೆಂಡತಿ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದಿದ್ದಾಗ, ಮುಚ್ಚಿದ ಮರದ ಬಾಗಿಲಿನ ಈಚೆ ಇವರು ಕಾಫಿ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿದ್ದರು. ಈಗ ಆಕೆ ಒಳಗೆ ಓಡಾಡಿದ ಹಾಗೆಲ್ಲ ತಗಡಿನ ತೂತುಗಳಿಂದ ಗೋಡೆಗೆ ಬೀಳುವ ಬೆಳಕಿನ ಚುಕ್ಕಿಗಳು ಆರಿ ಹತ್ತುತ್ತವೆ. ಇವತ್ತು ಬೆಳಿಗ್ಗೆ ಚುಕ್ಕಿಗಳು ಕದಲಲಿಲ್ಲ. ಪೇಪರು ಕೆಳಗೆ ಬಿತ್ತು. “ಏನೇ, ಸದ್ದೇ ಇಲ್ಲ?” ಒಳಗಿನಿಂದ ಹೆಂಡತಿಯ ದನಿ ನಿಧಾನವಾಗಿ ಬಂತು: “ಸುಮ್ಮನೆ ನಿಂತಿದ್ದೆ. ಈ ಸಲ ಕರೀತೀರೋ ಇಲ್ವೋ ನೋಡೋಣ ಅಂತ.”