ಹೌದದ ನೀಲಿ

ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಹಿತ್ತಲಿನ ನೀರಿನ ಹೌದದ ಒಳಗೋಡೆಗೆ ನನ್ನ ಗಂಡ ಹಚ್ಚಿದ್ದ ನೀಲಿ ಬಣ್ಣ ಬಿಸಿಲಿಗೆ ಬಿಳಿಚಿ, ಸೀಮೆಸುಣ್ಣದಂತೆ ಪುಡಿಯಾಗಿತ್ತು.

ಅವರು ಗೌಂಡಿ. ಕಾಲುವೆ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮೂರು ತುರ್ವಿಹಾಳಕ್ಕೆ ನೀರು ಬಂದಾಗ ನಮ್ಮ ಹಿತ್ತಲಿನ ಆಚೆಗೇ ಕಾಲುವೆ ಹರಿಯತೊಡಗಿತು. ಈಜು ಬಾರದ ಮಕ್ಕಳು ಅದರ ದಂಡೆಯಲ್ಲಿ ಆಡುವುದನ್ನು ಕಂಡು ಅವರಿಗೆ ದಿಗಿಲು. ಮಗಳು ಕಾಲುವೆಗೆ ಇಳಿಯುವ ಮೊದಲು ಈಜು ಕಲಿಯಲೆಂದು, ಎದೆಮಟ್ಟ ನೀರು ನಿಲ್ಲುವಷ್ಟು ದೊಡ್ಡ ಹೌದ ಕಟ್ಟಿದರು. ಸಿಂಧನೂರಿನಿಂದ ನೀಲಿ ಬಣ್ಣ ತಂದು ಹಚ್ಚಿದರು. ಓಣಿಯವರು "ನವಾಬರ ಮನಿ ಆತಲ್ಲೋ" ಎಂದು ನಕ್ಕರು.

ಹೋದ ಮಳೆಗಾಲ ಮಗಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಹೊಟ್ಟೆಯ ಕೆಳಗೆ ಕೈ ಹಿಡಿದು ಕಲಿಸತೊಡಗಿದ್ದರು. ಬಣ್ಣ ಆಗಲೇ ಪುಡಿ ಬಿಡುತ್ತಿತ್ತು. ಗೋಡೆಗೆ ಒರಗಿ ಎದ್ದ ಮಗಳ ಮೈಯೆಲ್ಲ ಬೂದಿ ಬೂದಿ. "ಇಲ್ ನೋಡ್ರೀ, ನಿಮ್ಮ ಮಗಳನ್ನ" ಎಂದು ನಾನು ಕೂಗಿದರೆ, "ಬಂದ್ರು ನೋಡು, ವಿಭೂತಿ ಅಜ್ಜಾರು!" ಎಂದು ಅವರು ಕೈ ಮುಗಿಯುತ್ತಿದ್ದರು. ಆಮೇಲೆ ಗೋಡೆ ಸವರಿ, "ಪುಡಿ ಮ್ಯಾಲ ಬಣ್ಣ ನಿಲ್ಲಂಗಿಲ್ಲ. ಕಾಲುವಿ ನೀರು ನಿಂತ ಮ್ಯಾಲ ಮೊದಲ ತಿಕ್ಕಬೇಕು" ಎನ್ನುತ್ತಿದ್ದರು.

ಕಾಲುವೆಯ ನೀರು ನಿಲ್ಲುವ ಮೊದಲೇ ಜ್ವರ ಬಂದು ಅವರು ಹೋದರು. ಮಗಳು ಇನ್ನೂ ಕೈ ಬಿಟ್ಟು ಈಜಿರಲಿಲ್ಲ.

ಸಾವಾದ ಮನೆಗೆ ವರ್ಷ ತುಂಬುವ ತನಕ ಸುಣ್ಣಬಣ್ಣ ಇಲ್ಲ. ಅತ್ತೆ ಅದನ್ನು ಮೊದಲೇ ಹೇಳಿದ್ದರು. ಆದರೆ ಮಳೆಗಾಲ ಹತ್ತಿರ ಬಂತು, ಕಾಲುವೆಗೆ ನೀರು ಬಿಡುವ ಸುದ್ದಿಯೂ ಬಂತು. ಮಗಳು ದಿನಾ ದಂಡೆಯ ಕಡೆ ನೋಡುತ್ತಿದ್ದಳು. ಹೌದ ತುಂಬಿಸಬೇಕೆಂದರೆ ಪುಡಿ ತೆಗೆಯಲೇಬೇಕು, ಇಲ್ಲದಿದ್ದರೆ ನೀರು ಕಲಕಿ ಅವಳ ಕಣ್ಣು ಉರಿಯುತ್ತಿತ್ತು.

ಗೋಣಿತಟ್ಟು ನೆನೆಸಿ ಹೌದಕ್ಕೆ ಇಳಿದೆ. ಮೊದಲ ಸಲ ಎಳೆದಾಗಲೇ ಕೈ ನಿಂತಿತು. ಅವರ ಕುಂಚ ಓಡಾಡಿದ ಗೆರೆಗಳು ಆ ಪುಡಿಯಲ್ಲಿ ಇನ್ನೂ ಕಾಣುತ್ತಿದ್ದವು. ನಾನು ಅವನ್ನೇ ಒರೆಸುತ್ತಿದ್ದೆ. ಮನೆಯಲ್ಲಿ ಅವರ ಅಂಗಿಗಳನ್ನು ಯಾರ‍್ಯಾರಿಗೋ ಕೊಟ್ಟಾಗಿತ್ತು, ಈಗ ಇದೂ.

"ನಾನೂ ತಿಕ್ತೀನಿ ಬೇ ಯವ್ವಾ" ಎಂದು ಮಗಳು ಇಳಿದಳು. ಪುಡಿ ಹೋದಲ್ಲಿ ಕೆಳಗಿನಿಂದ ನೀಲಿ ಎದ್ದಿತು, ಹಚ್ಚಿದ ದಿನದ್ದೇ ನೀಲಿ. ಅವಳು ಜಾರಿ ಕುಂಡಿಯೂರಿ ಕುಳಿತು, ಎದ್ದು ತಿರುಗಿ ತೋರಿಸಿದಳು. ಬೆನ್ನೆಲ್ಲ ಬೂದಿ. ನನಗೆ ನಗು ತಡೆಯಲಾಗಲಿಲ್ಲ. ಅವರು ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಬಾಜೂ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. "ಭಾಳ ಖುಷಿ ನಡದೈತಲ್ಲ! ವರ್ಷ ತುಂಬಿಲ್ಲ, ಹೌದಕ್ಕ ಸಿಂಗಾರ ಸುರು ಆತು."

ನನ್ನ ಕೈಯಲ್ಲಿದ್ದ ತಟ್ಟು ಕೆಳಗೆ ಬಿತ್ತು. ನಡುಮನೆಯಿಂದ ಅತ್ತೆ ಬಂದರು. ಬೈಸಿಕೊಳ್ಳಲು ತಲೆ ತಗ್ಗಿಸಿ, "ಅತ್ತೀ, ತಪ್ಪಾತು" ಎಂದೆ. ಅವರು ನನ್ನ ಕಡೆ ನೋಡದೆ ಬಾಜೂ ಮನೆಯಾಕೆಯತ್ತ ತಿರುಗಿದರು.

"ಹಚ್ಚಬಾರದು ಅಂತ ಐತಿ. ತಿಕ್ಕಬಾರದು ಅಂತ ಯಾರ್ ಹೇಳ್ಯಾರ? ನಿಮ್ಮ ಮನ್ಯಾಗ ಸೂತಕ ಆದ್ರ ಗಂಗಾಳನೂ ತಿಕ್ಕಂಗಿಲ್ಲೇನು?"

ಆಕೆ ಗೋಡೆಯಿಂದ ಇಳಿದಳು. ಅತ್ತೆ ಹೌದಕ್ಕೆ ಇಳಿದು, ಬಿದ್ದ ತಟ್ಟು ಎತ್ತಿ ನನ್ನ ಕೈಗೆ ಕೊಟ್ಟು, "ಮೂಲಿ ಬಿಟ್ಟಿ ನೋಡು" ಎಂದು ಮನೆಯೊಳಗೆ ಹೋದರು. ಅವರ ಬೆರಳಿಗೂ ಪುಡಿ ಹತ್ತಿತ್ತು. ಸೆರಗಿಗೆ ಒರೆಸಿಕೊಳ್ಳಲಿಲ್ಲ.

ಮೂಲೆಯನ್ನೂ ತಿಕ್ಕಿದೆ. ಆದರೂ ನಾನು ನಕ್ಕ ಆ ನಗು ಮನಸ್ಸಿಗೆ ಚುಚ್ಚುತ್ತಲೇ ಇತ್ತು.

ಕಾಲುವೆಗೆ ನೀರು ಬಂತು. ಕೊಡಗಟ್ಟಲೆ ಹೊತ್ತು ಹೌದ ತುಂಬಿಸಿದೆ. ಅವರು ಹಿಡಿಯುತ್ತಿದ್ದ ಹಾಗೆಯೇ ಮಗಳ ಹೊಟ್ಟೆಯ ಕೆಳಗೆ ಕೈ ಹಿಡಿದೆ. ನನಗೇ ಈಜು ಬಾರದು. ಅವಳು ಕಾಲು ಬಡಿದು, "ಬಿಡು ಬೇ, ಬಿಡು" ಎಂದಳು. ಬಿಟ್ಟೆ. ಬೆನ್ನಿನ ಸೋರೆಬುರುಡೆ ಕುಣಿಸುತ್ತ ಆಚೆ ಗೋಡೆ ಮುಟ್ಟಿಬಿಟ್ಟಳು.

"ಇಲ್ ನೋಡ್ರೀ!" ಎಂದು ಬಾಗಿಲ ಕಡೆ ತಿರುಗಿ ಕೂಗಿಯೇಬಿಟ್ಟೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರನ್ನು ನಾನು "ಅತ್ತೀ" ಎನ್ನದೆ ಎಂದೂ ಕರೆದವಳಲ್ಲ. ಆ ಕೂಗು ಯಾರಿಗೆಂದು ಅವರಿಗೆ ಗೊತ್ತಿತ್ತು.

"ನೋಡಾಕತ್ತೀನವಾ" ಎಂದರು.