ಕೌದಿಯಲ್ಲಿ ಏಳು ತಪ್ಪು

ಹಳಿಯಾಳದ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು ನಾನು. ಬೇರೆಯವರ ತಪ್ಪು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಯ ಕರೆಯೋಲೆಯನ್ನೂ ಕೆಂಪು ಪೆನ್ನು ಹಿಡಿದೇ ಓದುತ್ತೇನೆ. ಈ ಚಟ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳಲು ಈಗಲೂ ನಾಚಿಕೆ.

ಎರಡು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ವಿನ್ಯಾಸ ಮಾಡುವುದನ್ನು ಕಲಿತೆ. ಒಂದೇ ಬಣ್ಣದ ಎರಡು ಚೌಕ ಪಕ್ಕಪಕ್ಕ ಬರಕೂಡದು, ಪ್ರತಿ ಸಾಲೂ ಒಂದು ಮನೆ ಬಲಕ್ಕೆ ಸರಿಯಬೇಕು. ಇಂಥ ಒಂದೆರಡು ನಿಯಮ ಕೊಟ್ಟರೆ ತೆರೆಯ ತುಂಬ ಚಿತ್ತಾರ ಮೂಡುತ್ತಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಅದನ್ನು ಕಂಡಕಂಡವರಿಗೆಲ್ಲ ತೋರಿಸಿದೆ. ಆಮೇಲೆ ಬಟ್ಟೆಯಲ್ಲೂ ನೋಡಬೇಕೆನಿಸಿತು. ಶಾಲೆಯ ವಸ್ತುಪ್ರದರ್ಶನಕ್ಕೂ ಆಗುತ್ತದಲ್ಲ!

ಕಾಡಂಚಿನ ಹಳ್ಳಿಯೊಂದರಲ್ಲಿ ಸಿದ್ದಿ ಜನಾಂಗದ ಅಜ್ಜಿಯೊಬ್ಬಳಿದ್ದಳು. ಎಲ್ಲರೂ ಆಯಿ ಎನ್ನುತ್ತಿದ್ದರು. ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಮೊಮ್ಮಗಳು ಬಸುರಿ, ಹುಟ್ಟುವ ಕೂಸಿಗೆಂದು ಆಗಲೇ ಬಟ್ಟೆ ಆರಿಸಿಟ್ಟಿದ್ದಳು.

"ಇದ ಲೆಕ್ಕದಾಗ ಹೊಲಿ ಆಯಿ. ಪ್ರದರ್ಶನ ಮುಗದ ಮ್ಯಾಲೆ ಕೂಸಿಗೇ ಕೊಡ್ತೇನಿ" ಎಂದು ನನ್ನ ಚಿತ್ತಾರ ಅಚ್ಚು ಹಾಕಿದ ಕಾಗದ ಕೊಟ್ಟೆ.

ತಿರುಗಿಸಿ ಮುರುಗಿಸಿ ನೋಡಿ ನಕ್ಕಳು. "ಮೂಲ್ಯಾಗ ಫುಲಾ ಇಲ್ಲಲ್ರಿ ಅಕ್ಕೋರ? ಬತ್ತಲೆ ಕೌದಿ ಹೊಚ್ಚೂದಿಲ್ಲ ನಾವು."

ಫುಲಾ ಎಂದರೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೊಲಿಯುವ ಹೂವು. ದೊಡ್ಡ ಮನಸ್ಸು ಮಾಡಿದವಳಂತೆ ಅಷ್ಟಕ್ಕೆ ಒಪ್ಪಿಗೆ ಕೊಟ್ಟೆ.

ತಿಂಗಳು ಬಿಟ್ಟು ಹೋದೆ. ಅಂಚಿನಿಂದ ಸುತ್ತುತ್ತ ಸುತ್ತುತ್ತ ಹೊಲಿದು ನಡುವಿಗೆ ಬಂದಿದ್ದಳು. ಅಂಗೈಯಷ್ಟು ಜಾಗ ಉಳಿದಿತ್ತು. ಕಾಗದ ಹಿಡಿದು ತಾಳೆ ನೋಡಿದೆ. ಏಳು ಕಡೆ ತಪ್ಪು! ಹಸಿರು ಬರಬೇಕಾದಲ್ಲಿ ಮಾಸಿದ ಹಳದಿ, ಪಕ್ಕದಲ್ಲಿ ಮತ್ತೆ ಅದೇ ಹಳದಿ. ಚೀಲದಿಂದ ಸೀಮೆಸುಣ್ಣ ತೆಗೆದು ಏಳಕ್ಕೂ ಅಡ್ಡಗೆರೆ ಎಳೆದೆ.

"ಹತ್ತರ ತನಕ ಎಣಸಾಕರ ಬರ್ತೈತೋ ಇಲ್ಲೋ ಆಯಿ ನಿನಗ?" ಎಂದೆ. ತಮಾಷೆಗೆ ಅಂದದ್ದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ತಮಾಷೆಯಲ್ಲ, ಸೊಕ್ಕು.

ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು. ಆಯಿ ಕಣ್ಣಲ್ಲೇ ತಡೆದಳು. "ಅಕ್ಕೋರು ಕಲ್ತವ್ರದಾರ. ಬಿಚ್ಚಿ ಹೊಲಿತೇನಿ ಬಿಡ್ರಿ."

ಬಿಚ್ಚಿ ಹೊಲಿದಳು. ಪ್ರದರ್ಶನದಲ್ಲಿ ಕೌದಿ ತೂಗುಹಾಕಿ ಪಕ್ಕದಲ್ಲಿ ನನ್ನ ಹೆಸರಿನ ಚೀಟಿ ಅಂಟಿಸಿದೆ. ಆಯಿಯ ಹೆಸರು ಬರೆಯಬೇಕೆಂದು ಹೊಳೆಯಲೂ ಇಲ್ಲ. ಆಮೇಲೆ, ಮಾತಿನಂತೆ ಕೌದಿಯನ್ನು ಮರಳಿ ಕೊಟ್ಟೆ.

ಕೂಸು ಹುಟ್ಟಿದ ಮೇಲೆ ಒಂದು ದಿನ ಹೇಳದೆ ಕೇಳದೆ ನೋಡಲು ಹೋದೆ. ನನ್ನನ್ನು ಕಂಡದ್ದೇ ಆಯಿ ಗಡಬಡಿಸಿ ಮಲಗಿದ್ದ ಕೂಸನ್ನೆತ್ತಿ ಮೊಮ್ಮಗಳ ಕೈಗಿತ್ತಳು. ಕೌದಿಯನ್ನು ಸರಕ್ಕನೆ ತಿರುವಿ ಚಿತ್ತಾರ ಮೇಲೆ ಮಾಡಿ ಹಾಸಿದಳು. ಅಷ್ಟು ಹೊತ್ತು ಕೂಸು ಅದರ ಹಿಂಬದಿಯ ಹಳೆ ಸೀರೆಯ ಮೇಲೆ ಮಲಗಿತ್ತು.

"ಯಾಕ ಹಂಗ?" ಎಂದೆ.

ಮೊಮ್ಮಗಳು ಈ ಸಲ ಸುಮ್ಮನಿರಲಿಲ್ಲ. "ಕೂಸಿನ ಗಲ್ಲ ಬರೂ ಕಡೆ ಆಯಿ ಮೆತ್ತನ ಹಳದಿ ತುಂಡು ಹಚ್ಚಿದ್ಳ್ರಿ. ತೊಳದು ತೊಳದು ಹತ್ತಿ ಆದ ಅರಬಿ. ಆ ಏಳನ್ನೂ ನೀವು ತಪ್ಪಂದ್ರಿ. ಈಗ ಅಲ್ಲಿ ನಿಮ್ಮ ಹಸಿರು ತುಂಡು ಐತಿ, ಬಿರುಸು ಅರಬಿ. ಗಲ್ಲ ಕೆಂಪಾಗತೈತಿ."

ಬಣ್ಣ ನೋಡುವ ನಿಯಮ ಬರೆದಿದ್ದೆ. ಬಟ್ಟೆ ಮುಟ್ಟಿ ನೋಡುವ ನಿಯಮ ಬರೆದಿರಲಿಲ್ಲ. ಆಯಿ ಎರಡನ್ನೂ ಹಿಡಿದು ಲೆಕ್ಕ ಹಾಕಿದ್ದಳು, ಎರಡೂ ಹೊಂದದ ಕಡೆ ಕೂಸಿನ ಗಲ್ಲವನ್ನು ಆರಿಸಿಕೊಂಡಿದ್ದಳು. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ!

"ಅಕ್ಕೋರಿಗೆ ಹಂಗ ಅಂತಾರೇನ? ಚಾ ಇಡ ಹೋಗ" ಎಂದು ಆಯಿ ಮೊಮ್ಮಗಳನ್ನು ಗದರಿ ಕೂಸನ್ನು ಇಸಿದುಕೊಂಡಳು. ನನ್ನ ಮನಸ್ಸು ನೋಯದಿರಲಿ ಎಂದು ಅದನ್ನು ಆ ಚಿತ್ತಾರದ ಮೇಲೆಯೇ ಮಲಗಿಸಲು ಬಗ್ಗಿದಳು.

"ಬ್ಯಾಡ ಆಯಿ, ತಿರುವಿ ಹಾಕು. ತಪ್ಪು ನಂದು" ಎಂದೆ.

"ಇರ್ಲಿ ಬಿಡ್ರಿ, ನೀವು ಇರೂ ತನಕ" ಎಂದಳು.

ಚಹಾಕ್ಕೂ ಕಾಯದೆ ಎದ್ದು ಹೊರಗೆ ಬಂದೆ.