ಹಿಂದಕ್ಕೆ ಬಂದ ಕೈ

ಟಿಕೆಟ್ ತೆಗೆದುಕೊಳ್ಳದವರ ಮುಖ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಕೊಳ್ಳೇಗಾಲದಿಂದ ಹನೂರು, ರಾಮಾಪುರ ದಾಟಿ ಹೂಗ್ಯಂ ಕಡೆಗೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಕಿಟಕಿಯಾಚೆ ನೋಡುವವರು, ನಿದ್ದೆ ಬಂದಂತೆ ನಟಿಸುವವರು, ‘ಆಗ್ಲೇ ತಕಂಡ್ನಲ್ಲ ಸಾ’ ಎಂದು ನನ್ನನ್ನೇ ದಬಾಯಿಸುವವರು, ಎಲ್ಲರನ್ನೂ ನೋಡಿದ್ದೇನೆ. ಯಾರನ್ನೂ ಬಿಟ್ಟವನಲ್ಲ. ಚೆಕಿಂಗಿನವರು ಹತ್ತಿದಾಗ ನನ್ನ ಬಸ್ಸಿನಲ್ಲಿ ಯಾರೂ ಸಿಕ್ಕಿಬಿದ್ದಿಲ್ಲ ಎಂಬ ಜಂಬ ನನಗೆ ಈಗಲೂ ಇದೆ. ಆ ಜಂಬವನ್ನು ಚರ್ಚಿನ ಒಳಕ್ಕೂ ಹೊತ್ತುಕೊಂಡು ಹೋದೆ ನೋಡಿ, ಅಲ್ಲಿ ಕೆಟ್ಟೆ.

ಕಾಮಗೆರೆ ಹತ್ತಿರದ ನಮ್ಮ ಊರಿನ ಚರ್ಚು ಚಿಕ್ಕದು. ಜನ ಹೆಚ್ಚಾದ ದಿನ ಪರಮಪ್ರಸಾದ ಹಂಚಲು ಗುರುಗಳೊಬ್ಬರಿಂದ ಆಗುವುದಿಲ್ಲವೆಂದು ನಮ್ಮಂಥ ಸಂಸಾರಸ್ಥರಲ್ಲಿ ಕೆಲವರಿಗೆ ತರಬೇತಿ ಕೊಟ್ಟಿದ್ದಾರೆ. ಪೂಜೆಯಲ್ಲಿ ಗುರುಗಳು ಎತ್ತಿ ಹಿಡಿಯುವ ಆ ತೆಳ್ಳನೆಯ ಬಿಳಿ ರೊಟ್ಟಿ ನಮಗೆ ಯೇಸುಸ್ವಾಮಿಯ ಶರೀರವೇ. ಹಾಗಾಗಿ ದೀಕ್ಷಾಸ್ನಾನ ಪಡೆದು, ಅದನ್ನು ಕಲಿತು ನಂಬಿದವರಿಗೆ ಮಾತ್ರ ಕೊಡಬೇಕೆಂಬುದು ನಿಯಮ. ತರಬೇತಿಗೆ ಬಂದವರಲ್ಲಿ ಈ ನಿಯಮ ಎಲ್ಲರಿಗಿಂತ ಬೇಗ ತಲೆಗೆ ಹತ್ತಿದ್ದು ನನಗೇ.

ನಮ್ಮ ಪಕ್ಕದ ಮನೆಯ ಅಕ್ಕ ಶಿವನ ಒಕ್ಕಲು. ಹಣೆ ತುಂಬ ವಿಭೂತಿ. ಹೊಲ, ಹಸು, ಮೊಮ್ಮಕ್ಕಳು ಎಲ್ಲ ಇರುವ ತುಂಬು ಮನೆ. ಅವ್ವ ಹಾಸಿಗೆ ಹಿಡಿದ ಮೇಲೆ ನಾನು ಬೆಳಿಗ್ಗೆ ಡಿಪೋಗೆ ಹೋದರೆ, ನನ್ನ ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರೆ, ಅವ್ವನನ್ನು ಮಗ್ಗುಲು ಹೊರಳಿಸಿ, ತಲೆ ಬಾಚಿ, ಗಂಜಿ ಕುಡಿಸುತ್ತಿದ್ದವಳು ಈ ಅಕ್ಕ. ಕೇಳಿಕೊಂಡವರಿಲ್ಲ, ತಾನಾಗಿ ಬಂದಳು. ಸೋಮವಾರ ಬಂದರೆ ಅವಳ ಮನೆಯ ಪೂಜೆ ಮುಗಿಸಿ ಬಾಳೆಹಣ್ಣಿನ ತುಂಡು, ಹುರಿಗಡಲೆ, ಕಲ್ಲುಸಕ್ಕರೆ ತಂದು ಅವ್ವನಿಗಷ್ಟು, ನನಗಷ್ಟು ಕೊಡುವಳು. ನಾನು ಮುಖ ತಿರುಗಿಸಿದರೆ, ‘ತಕಳ್ಲಾ, ಡ್ಯೂಟಿಗೆ ಒಂಟವ್ನು ಬರೀ ಹೊಟ್ಟೇಲಿ ಓಗ್ಬೇಡ’ ಎಂದು ಅಂಗೈಗೆ ಒತ್ತುವಳು. ಅವ್ವ ಅದರ ಮೇಲೆ ನಡುಗುವ ಬೆರಳಿನಿಂದ ಸಣ್ಣದೊಂದು ಶಿಲುಬೆ ಗುರುತು ಹಾಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಗುರುತು ಗಿರುತು ಹಾಕದೆ ತಿಂದು ಓಡುತ್ತಿದ್ದೆ.

ಅವ್ವ ಈ ವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮುಂಚೆ ತೀರಿಕೊಂಡಳು. ತಿಂಗಳು ತುಂಬಿದಾಗ ಚರ್ಚಿನಲ್ಲಿ ಅವಳ ಹೆಸರಿನಲ್ಲಿ ಮಾಡಿಸಿದ ಪೂಜೆಗೆ ಊರಿನವರೆಲ್ಲ ಬಂದರು. ಅಕ್ಕನೂ ಬಂದು ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಗುರುಗಳು, ‘ನಿನ್ನ ತಾಯಿಯ ಪೂಜೆ, ಒಂದು ಸಾಲಿಗೆ ನೀನೇ ಕೊಡು’ ಎಂದು ಪರಮಪ್ರಸಾದದ ಪಾತ್ರೆಯನ್ನು ನನ್ನ ಕೈಗಿತ್ತರು. ಜನ ಒಬ್ಬೊಬ್ಬರಾಗಿ ಬಂದರು. ‘ಕ್ರಿಸ್ತರ ಶರೀರ’ ಎನ್ನುತ್ತಾ ಕೊಡುತ್ತಿದ್ದೆ. ತಲೆ ಎತ್ತಿದಾಗ ಎದುರಿಗೆ ಅಕ್ಕ. ಮುಂದಿನವರನ್ನು ನೋಡಿಕೊಂಡು ಎಡಗೈ ಮೇಲೆ, ಬಲಗೈ ಕೆಳಗೆ ಸರಿಯಾಗಿಯೇ ಹಿಡಿದಿದ್ದಳು.

ಅವಳ ಕಡೆ ತಿಥಿಯ ದಿನ ಎಡೆ ಇಟ್ಟು ಬಂದವರಿಗೆಲ್ಲ ಹಂಚುತ್ತಾರೆ. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳದೆ ಎದ್ದು ಹೋದರೆ ಸತ್ತವರನ್ನೇ ಬೇಡವೆಂದ ಹಾಗೆ. ಅಕ್ಕ ಎದ್ದು ಬಂದದ್ದು ಅದಕ್ಕೆ. ಇದು ನನಗೆ ಹೊಳೆದದ್ದು ಆಮೇಲೆ. ಆ ಕ್ಷಣಕ್ಕೆ ನನ್ನ ಕೈ ತಾನಾಗಿ ಹಿಂದಕ್ಕೆ ಬಂತು. ಇನ್ನೊಂದು ಕೈಯಿಂದ ಪಾತ್ರೆ ಮುಚ್ಚಿಕೊಂಡೆ. ‘ಇದು ನಿಮ್ಮವರಿಗಲ್ಲ, ಪಕ್ಕಕ್ಕೆ ಹೋಗಿ’ ಎಂದೆ. ಬಸ್ಸಿನಲ್ಲಿ ಆಡುವ ದನಿ ಅದು. ಹಿಂದಿನ ಬೆಂಚಿನವರೆಗೂ ಕೇಳಿಸಿತು. ಅಕ್ಕ ಖಾಲಿ ಕೈಗಳನ್ನು ಹಾಗೆಯೇ ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದಳು. ಅವ್ವನ ಹೆಸರಿನಲ್ಲಿ ಮಾಡಿಸಿದ ಊಟಕ್ಕೂ ನಿಲ್ಲಲಿಲ್ಲ.

ಮೊದಲ ದಿನಗಳಲ್ಲಿ ನನಗೆ ನಾನೇ ವಕೀಲನಾದೆ. ನಿಯಮ ನಾನು ಮಾಡಿದ್ದೇ? ಪವಿತ್ರವಾದದ್ದನ್ನು ಕಾಯುವುದು ತಪ್ಪೇ? ಆದರೆ ಬಸ್ಸಿನಲ್ಲಿ ಯಾವ ಮುದುಕಿ ಚಿಲ್ಲರೆಗೆ ಅಂಗೈ ಚಾಚಿದರೂ ಅಕ್ಕನ ಖಾಲಿ ಕೈಗಳೇ ಕಾಣುತ್ತಿದ್ದವು. ಒಂದು ಭಾನುವಾರ ಸುವಾರ್ತೆಯಲ್ಲಿ ಆ ಪರದೇಶದ ಹೆಂಗಸಿನ ಪ್ರಸಂಗ ಬಂತು. ಮಗಳಿಗಾಗಿ ಯೇಸುವಿನ ಬೆನ್ನು ಬಿದ್ದು, ಮೇಜಿನಿಂದ ಉದುರಿದ ಚೂರಾದರೂ ಸಾಕೆಂದು ಕೇಳಿದವಳು. ಶಿಷ್ಯರು ಅವಳನ್ನು ಕಳಿಸಿಬಿಡಿ ಎಂದರಂತೆ. ಸ್ವಾಮಿ ಮೊದಲು ಕಠಿಣವಾಗಿ ಮಾತಾಡಿದರೂ ಕೊನೆಗೆ ಅವಳ ನಂಬಿಕೆಯನ್ನು ಹೊಗಳಿ ಕಳಿಸಿದರು. ಈ ಕಥೆ ಎಷ್ಟೋ ಸಲ ಕೇಳಿದ್ದೆ, ಯಾವಾಗಲೂ ನನ್ನನ್ನು ಯೇಸುವಿನ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕೇಳಿದ್ದೆ. ಅವತ್ತು ನನ್ನ ಜಾಗ ಗೊತ್ತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಾನು ಪೂಜಾರಿಯೂ ಅಲ್ಲ.

ಪಾಪನಿವೇದನೆಗೆ ಹೋಗಿ ಮಂಡಿಯೂರಿ ಎಲ್ಲ ಹೇಳಿದೆ. ‘ಕೊಡಬಾರದು ಅನ್ನೋ ನಿಯಮ ಇದೆ, ಸರಿ. ಅವರ ತಲೆ ಮೇಲೆ ಕೈಯಿಟ್ಟು ದೇವರು ಒಳ್ಳೇದು ಮಾಡಲಿ ಅನ್ನೋದಕ್ಕೆ ಯಾವ ನಿಯಮ ಅಡ್ಡ ಬಂತು?’ ಎಂದರು ಗುರುಗಳು. ತರಬೇತಿಯಲ್ಲಿ ಅದನ್ನೂ ಹೇಳಿಕೊಟ್ಟಿದ್ದರು. ನನಗೆ ತಡೆಯುವುದಷ್ಟೇ ನೆನಪಿತ್ತು. ‘ನನಗೆ ಹೇಳಿದ್ದು ಸಾಲದು, ಅವರ ಮನೆಗೆ ಹೋಗು’ ಎಂದು ಕಳಿಸಿದರು.

ಅಷ್ಟರಲ್ಲಿ ಸೋಮವಾರಗಳು ಬಂದು ಹೋಗುತ್ತಿದ್ದವು. ಅಕ್ಕ ನಮ್ಮ ಬಾಗಿಲಿಗೆ ಬರಲಿಲ್ಲ. ಕೋಪ ಎಂದುಕೊಂಡಿದ್ದೆ. ಬೈದರೆ ಬೈಯಲಿ, ಎರಡೇಟು ಹಾಕಿದರೂ ಹಾಕಲಿ ಎಂದು ಒಂದು ಸೋಮವಾರ ರಜೆ ಹಾಕಿ ಅವಳ ಮನೆಗೇ ಹೋದೆ. ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ನನ್ನನ್ನು ಕಂಡು ಕೈ ಒರೆಸಿಕೊಂಡು, ‘ಬನ್ನಿ, ಕೂತ್ಕಳಿ’ ಎಂದಳು. ನನ್ನ ಚಡ್ಡಿ ಕಾಲದಿಂದ ಲೇ ಎಂದೇ ಕರೆದವಳು. ಆ ‘ಬನ್ನಿ’ ಎರಡೇಟಿಗಿಂತ ಜೋರಾಗಿತ್ತು.

‘ಅಕ್ಕ, ಅವತ್ತು ನಾನು ಹಂಗೆ ಮಾಡ್ಬಾರ್ದಿತ್ತು. ತಪ್ಪಾಯ್ತು’ ಎಂದೆ.

‘ನೀವೇನು ಮಾಡೀರಿ. ಗೊತ್ತಿಲ್ದೆ ನಾನೇ ಬಂದು ನಿಂತ್ಕಂಡೆ’ ಎಂದಳು. ಕೋಪ ಅಲ್ಲವೇ ಅಲ್ಲ. ಏನನ್ನೋ ಕೇಳಲು ಅಂಜುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು: ‘ನಿಮ್ದು ನಮ್ಗೆ ಆಗಲ್ಲ ಅಂದ್ಮೇಲೆ, ನಮ್ದು ನಿಮ್ಗೆ ಆಯ್ತದಾ? ನಿಮ್ಮವ್ವುಂಗೆ ಸಾಯೋಗಂಟ ಸ್ವಾಮಿ ಹಣ್ಣು ತಿನ್ಸುದ್ನಲ್ಲ. ಅದ್ರಿಂದ ಅವ್ವ ಸ್ವರ್ಗಕ್ಕೋಗೋಕೆ ಏನಾರ ತೊಂದ್ರೆ ಆಯ್ತಾ? ಅವತ್ತಿಂದ ನಂಗೆ ಅದೇ ಯೋಚ್ನೆ ಕಣ್ರಿ. ಕೂಳು ಸೇರ್ತಾ ಇಲ್ಲ.’

ನಾನು ನನ್ನ ಪಾಪವನ್ನು ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ. ಇಲ್ಲದ ಪಾಪವೊಂದನ್ನು ಹುಟ್ಟಿಸಿ ಅವಳ ತಲೆಗೂ ಹೊರಿಸಿ ಬಂದಿದ್ದೆ. ಅವ್ವನ ಮೈ ತೊಳೆದ ಕೈಗಳನ್ನು ನೋಡಿಕೊಂಡು, ಇವೇ ಅವ್ವನನ್ನು ಕೆಡಿಸಿದವೇನೋ ಎಂದು ಅಷ್ಟು ದಿನ ಅವಳು ಕೊರಗಿದ್ದಳು. ನಾನು ಅಳುತ್ತಾ ಹೇಳಿದೆ: ಅವ್ವ ಶಿಲುಬೆ ಗುರುತು ಹಾಕಿ ಆ ಹಣ್ಣನ್ನು ಎಷ್ಟು ಆಸೆಯಿಂದ ತಿನ್ನುತ್ತಿದ್ದಳು, ಮಾತು ನಿಂತ ಮೇಲೂ ಸೋಮವಾರ ಬೆಳಿಗ್ಗೆ ಬಾಗಿಲ ಕಡೆ ಹೇಗೆ ನೋಡುತ್ತಿದ್ದಳು, ಅವಳನ್ನು ಸ್ವರ್ಗಕ್ಕೆ ಸೇರಿಸಿಕೊಂಡ ದೇವರು ಅಕ್ಕನ ಕೈಯನ್ನೂ ನೋಡಿಯೇ ಇರುತ್ತಾನೆ. ಇದು ಯಾವ ಶಾಸ್ತ್ರದ ಯಾವ ಅಧ್ಯಾಯದಲ್ಲಿದೆ ಎಂದು ನನ್ನನ್ನು ಕೇಳಬೇಡಿ. ನಾನು ಅದನ್ನು ನಂಬಿಯೇ ಹೇಳಿದೆ.

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬೆಳಗಿನ ಪೂಜೆಯ ತಟ್ಟೆ ತಂದಳು. ನಾನು ಚರ್ಚಿನಲ್ಲಿ ಹಿಡಿಯುವ ಹಾಗೆಯೇ ಎರಡೂ ಕೈ ಚಾಚಿದೆ. ಅವಳು ಬಾಳೆಹಣ್ಣಿನ ತುಂಡೊಂದನ್ನು ಎತ್ತಿದಳು, ಕೊಡಲಿಲ್ಲ. ಕೈ ಅರ್ಧದಲ್ಲೇ ನಿಂತಿತು.

‘ಮೊದ್ಲು ನಿಮ್ಮವ್ವ ಹಾಕ್ತಿದ್ದಂಗೆ ಆ ಗುರ್ತು ಹಾಕ್ಬುಡಿ’ ಎಂದಳು. ಹಾಕಿದೆ. ಆಮೇಲೆ ಕೊಟ್ಟಳು.

ಈಗ ಸೋಮವಾರ ಅಕ್ಕ ಮತ್ತೆ ಬರುತ್ತಾಳೆ. ಹೊಸ್ತಿಲ ಹೊರಗೇ ನಿಂತು, ನಾನು ಗುರುತು ಹಾಕುವವರೆಗೆ ಕಾದು, ‘ತಕಳಿ’ ಎನ್ನುತ್ತಾಳೆ. ‘ತಕಳ್ಲಾ’ ಅನ್ನಕ್ಕ ಎಂದು ಕೇಳಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಕೇಳುವ ಮುಖ ನನಗಿನ್ನೂ ಬಂದಿಲ್ಲ.